ಕೀನ್ಯಾ ಪಾಸ್‌ಪೋರ್ಟ್, ಸ್ವೀಡನ್ ವೀಸಾ: ಬ್ಯಾಂಕ್ ರೋಡಿನ ಒಂದು ಟ್ರಾವೆಲ್ಸ್ ಬಗ್ಗೆ

ಗಲ್ಫ್ ಟಿಕೆಟ್ ಮಾಡಿಕೊಡುವವರಿಗೆ ಕಾಸರಗೋಡಿನಲ್ಲಿ ಏನೂ ಬರ ಇಲ್ಲ. ಆದರೆ ಆಫ್ರಿಕಾದಲ್ಲಿರುವ ನಮ್ಮವರು ಸ್ವೀಡನ್‌ಗೆ ಹೋಗಬೇಕೆಂದರೆ ಸರಿಯಾಗಿ ಹೇಳುವವರು ಕಡಿಮೆ. ಬ್ಯಾಂಕ್ ರೋಡಿನಲ್ಲಿ, ಮೆಟ್ಟಿಲು ಹತ್ತಿ ಹೋಗುವ ಒಂದು ಚಿಕ್ಕ ಆಫೀಸಿನಲ್ಲಿ ನಮಗೆ ಅಂಥವರು ಸಿಕ್ಕಿದರು.

ನನ್ನ ಅಕ್ಕ, ಭಾವ ನೈರೋಬಿಯಲ್ಲಿ ನೆಲೆಸಿದವರು. ಇಬ್ಬರದೂ ಕೀನ್ಯಾದ ಪಾಸ್‌ಪೋರ್ಟ್. ಮಗ ಸ್ಟಾಕ್‌ಹೋಮ್‌ನಲ್ಲಿ ಇದ್ದಾನೆ, ಮೊಮ್ಮಗಳನ್ನು ನೋಡುವ ಆಸೆ. ರಜೆಗೆ ನೀರ್ಚಾಲಿಗೆ ಬಂದಾಗ ಇಲ್ಲಿಂದಲೇ ವೀಸಾಕ್ಕೆ ಹಾಕುವ ಅಂತ ಭಾವ ಹೊರಟರು. ಬೇರೊಂದು ಕಡೆ "ಆಗ್ತದೆ, ಅಡ್ವಾನ್ಸ್ ಕೊಡಿ" ಅಂದಿದ್ದರು. ಇಲ್ಲಿ ಕೌಂಟರಿನಲ್ಲಿದ್ದ ಹೆಣ್ಣುಮಗಳು ಹಣದ ಮಾತೇ ಎತ್ತಲಿಲ್ಲ. "ಟೀಚರೇ, ಇವರ ವಾಸ ಎಲ್ಲಿ?" ಎಂದು ಕೇಳಿದಳು. ನೈರೋಬಿ ಅಂದೆ. "ಹಾಗಾದ್ರೆ ಅಲ್ಲಿಯೇ ಹಾಕಬೇಕು. ನೆಂಟರಾಗಿ ಬಂದ ಊರಿನಿಂದ ಹಾಕಲಿಕ್ಕೆ ಬಲವಾದ ಕಾರಣ ಬೇಕು. ಸುಮ್ನೆ ಖರ್ಚು ಮಾಡ್ಬೇಡಿ." ವೀಸಾ ಸಿಗದಿದ್ದರೆ ದೊಡ್ಡವರಿಗೆ ತಲಾ 90 ಯೂರೋ ಶುಲ್ಕ ವಾಪಸ್ ಬರುವುದಿಲ್ಲ. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಎಷ್ಟು ಜನ ಇದ್ದಾರೆ?

ಅಷ್ಟಕ್ಕೇ ಬಿಡಲಿಲ್ಲ. ಪಾಸ್‌ಪೋರ್ಟ್ ತೆಗೆದು ಒಂದೊಂದೇ ಹಾಳೆ ಮಗುಚಿದಳು. ಎರಡು ಪುಟ ಖಾಲಿ ಬೇಕು, ವಾಪಸ್ ಹೊರಟ ಮೇಲೂ ಮೂರು ತಿಂಗಳು ಅವಧಿ ಇರಬೇಕು. ಅಕ್ಕನದು ಸರಿ ಇತ್ತು. ಭಾವನದು ಮುಗಿಯುವುದರಲ್ಲಿತ್ತು. ಆ ತಾರೀಕಿಗೆ ಪೆನ್ಸಿಲಿನಿಂದ ಚೀಟಿಯಲ್ಲಿ ಸುತ್ತು ಹಾಕಿ, "ಮೊದಲು ಇದು ಹೊಸತು ಮಾಡಿಸಿ ಭಾವ" ಅಂದಳು. ನಾನು ಕರೆಯುವುದನ್ನು ಕೇಳಿ ಅವಳಿಗೂ ಅವರು ಭಾವನೇ ಆಗಿದ್ದರು! ಇನ್ಶೂರೆನ್ಸ್ 30,000 ಯೂರೋಗೆ ಕಡಿಮೆ ಆಗಬಾರದು, ಅರ್ಜಿ ಆರು ತಿಂಗಳು ಮೊದಲೇ ಹಾಕಬಹುದು, ಉತ್ತರಕ್ಕೆ 15 ದಿನ, ಕೆಲವೊಮ್ಮೆ 45 ದಿನವೂ ಆಗುತ್ತದೆ. ಎಲ್ಲವನ್ನೂ ಅಕ್ಕನಿಗೆ ಕನ್ನಡದಲ್ಲಿ, ನಿಧಾನಕ್ಕೆ ಹೇಳಿದಳು.

ನನಗೆ ತುಂಬಾ ಹಿಡಿಸಿದ್ದು ಬ್ಯಾಂಕಿನ ವಿಷಯ. ಮಗ ಅಪ್ಪನ ಖಾತೆಗೆ ಒಟ್ಟಿಗೆ ದೊಡ್ಡ ಮೊತ್ತ ಹಾಕುವವನಿದ್ದ. "ಬೇಡ. ಪೆನ್ಶನ್, ಬಾಡಿಗೆ ಬರುವುದನ್ನು ಇದ್ದ ಹಾಗೇ ತೋರಿಸಿ. ಮಗನ ಖರ್ಚಿನಲ್ಲಿ ಇರುವುದಾದರೆ ಅವನ ಆಹ್ವಾನ ಪತ್ರದಲ್ಲಿ ಅದನ್ನೇ ಬರೆಸಿ." ನೈರೋಬಿಯಲ್ಲಿ ಮನೆ ಇದೆ, ತಿರುಗಿ ಬರುತ್ತಾರೆ ಅಂತ ಕಾಗದ ಹೇಳಬೇಕು, ಅಲ್ವಾ? ಆಫ್ರಿಕಾದಲ್ಲಿ ಮಾರಿಷಸ್, ಸೇಶೆಲ್ಸ್‌ನವರಿಗೆ ಮಾತ್ರ ಈ ವೀಸಾ ಬೇಡವಂತೆ. ಇಥಿಯೋಪಿಯಾ, ನೈಜೀರಿಯಾ, ಘಾನಾದವರಿಗಾದರೆ ಯುರೋಪಿನಲ್ಲಿ ಬರೀ ವಿಮಾನ ಬದಲಿಸಲಿಕ್ಕೂ ಸಾಮಾನ್ಯವಾಗಿ ವೀಸಾ ಬೇಕು. ಕೀನ್ಯಾದವರಿಗೆ ಹೆಚ್ಚಿನ ದೇಶಗಳಲ್ಲಿ ಆ ತೊಂದರೆ ಇಲ್ಲ ಎಂದು ಅವಳೇ ನೋಡಿ ಹೇಳಿದ್ದು.

ಕೊರತೆಯೂ ಇದೆ. ಫೋನ್ ಎತ್ತುವುದೇ ಇಲ್ಲ. ಮೆಟ್ಟಿಲು ಕಡಿದು, ಕೈಹಿಡಿ ಇಲ್ಲ, ಅಕ್ಕನಿಗೆ ಮಂಡಿ ನೋವು ಜಾಸ್ತಿ ಆಯಿತು. ಕೂರಲಿಕ್ಕೆ ಎರಡೇ ಕುರ್ಚಿ. ಸಲಹೆಗೆ ಹಣ ತೆಗೆದುಕೊಳ್ಳಲಿಲ್ಲ, ಕಾಗದ ಜೋಡಿಸಿಕೊಟ್ಟದ್ದಕ್ಕೆ ಮಾತ್ರ ತೆಗೆದುಕೊಂಡರು.

ಇಬ್ಬರಿಗೂ ನೈರೋಬಿಯಲ್ಲಿ ವೀಸಾ ಆಯಿತು. ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಜೆರಾಕ್ಸ್ ಅಲ್ಲ, ಮೂಲ ಪಾಸ್‌ಪೋರ್ಟೇ ಹಿಡಿದುಕೊಂಡು ಹೋಗಿ.