ಭುಜಕ್ಕೆ ಪೆಟ್ಟಾದರೆ ಯಾವ ಸ್ಲಿಂಗ್: ಬಟ್ಟೆ, ಪೌಚ್, ಇಮ್ಮೊಬಿಲೈಸರ್

ಭುಜಕ್ಕೆ ಪೆಟ್ಟಾದಾಗ ‘ಸ್ಲಿಂಗ್ ಹಾಕ್ಕೊಳ್ಳಿ’ ಅನ್ನುತ್ತಾರೆ, ಅಂದರೆ ತೋಳಿಗೆ ಆಧಾರವಾಗಿ ಕಟ್ಟುವ ತೂಗುಪಟ್ಟಿ. ಯಾವುದು ಅಂತ ಯಾರೂ ಹೇಳುವುದಿಲ್ಲ. ನನಗೆ ಕಾಲರ್ ಬೋನ್ ಭುಜಕ್ಕೆ ಸೇರುವ ಕೀಲಿನಲ್ಲಿ, ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್‌ಗೆ ಪೆಟ್ಟಾಗಿತ್ತು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ. ವಾಸಿಯಾಗುವ ಹೊತ್ತಿಗೆ ಮೂರು ಬಗೆಯನ್ನೂ ಹಾಕಿ ನೋಡಿದ್ದೆ.

ಆದರೆ ಎಲ್ಲ ಪೆಟ್ಟಿಗೂ ಸ್ಲಿಂಗ್ ಹಾಕಿ ಮನೆಯಲ್ಲಿ ಕೂರುವಂತಿಲ್ಲ. ದುಂಡಗಿದ್ದ ಭುಜ ಚಪ್ಪಟೆಯಾಗಿ ಮೂಲೆ ಎದ್ದಂತೆ ಕಂಡರೆ ಕೀಲು ತಪ್ಪಿರಬಹುದು. ಯಾರಾದರೂ ‘ಎಳೆದು ಕೂರಿಸ್ತೀನಿ’ ಅಂದರೆ ಬಿಡಲೇಬೇಡಿ. ತೋಳು ಹೇಗಿದೆಯೋ ಹಾಗೇ ಆಧಾರ ಕೊಟ್ಟು ಆಸ್ಪತ್ರೆಗೆ ಹೋಗಿ. ತೋಳಿನ ಹೊರಮೈ ಜೋಮು ಹಿಡಿದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದರೆ ಇನ್ನೂ ಬೇಗ. ತೋಳನ್ನು ತಾನಾಗಿ ಎತ್ತಲು ಆಗದೆ, ಇನ್ನೊಂದು ಕೈಯಿಂದ ಎತ್ತಿದರೆ ಮೇಲೇಳುತ್ತದೆ ಅಂದರೆ ಭುಜದ ಸ್ನಾಯುರಜ್ಜು ಹರಿದಿರಬಹುದು. ವಯಸ್ಸು 40 ದಾಟಿದವರಲ್ಲಿ ಇದು ಜಾಸ್ತಿ.

ಈಗ ಹೋಲಿಕೆಗೆ ಬರೋಣ. ತ್ರಿಕೋನ ಬಟ್ಟೆ ಪ್ರಥಮ ಚಿಕಿತ್ಸೆ ಡಬ್ಬಿಯಲ್ಲೇ ಇರುತ್ತದೆ, ಯಾರ ಅಳತೆಗೂ ಹೊಂದುತ್ತದೆ, ಒಗೆದರೆ ಆಯಿತು. ಮೊದಲ ದಿನಕ್ಕೆ ಅಷ್ಟು ಸಾಕು. ತೊಂದರೆ ಏನೆಂದರೆ, ಮಾಮೂಲಿಯಾಗಿ ಕಟ್ಟಿದರೆ ಬಟ್ಟೆಯ ಒಂದು ತುದಿ ನೋಯುವ ಭುಜದ ಮೇಲೇ ಹಾದುಹೋಗುತ್ತದೆ. ನನಗೆ ಊದಿದ್ದೂ ಅಲ್ಲೇ! ತೋಳಿನ ಭಾರವೆಲ್ಲ ಆ ಜಾಗವನ್ನೇ ಒತ್ತುತ್ತಿತ್ತು. ಜೊತೆಗೆ ಒಬ್ಬರೇ ಕಟ್ಟಿಕೊಳ್ಳುವುದೂ ಕಷ್ಟ.

ತೋಳನ್ನು ಚೀಲದೊಳಗೆ ಇಡುವ ಪೌಚ್ ಸ್ಲಿಂಗ್ ಗೆದ್ದಿದ್ದು ಇಲ್ಲೇ. ಇದರಲ್ಲೂ ಎರಡು ಬಗೆ. ಪಟ್ಟಿ ಕುತ್ತಿಗೆಗೆ ನೇತುಬೀಳುವಂಥದ್ದನ್ನು ಬಿಡಿ, ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ. ಮೊಣಕೈಯಿಂದ ಬೆನ್ನ ಮೇಲೆ ಓರೆಯಾಗಿ ಹಾದು ಪೆಟ್ಟಾಗದ ಭುಜಕ್ಕೆ ಬರುವ ಪಟ್ಟಿಯದ್ದೇ ಬೇಕು, ಅಗಲವಾಗಿ, ಒಳಗೆ ಮೆತ್ತೆ ಇರುವಂತೆ. ಮೊಣಕೈ ಚೀಲದ ಮೂಲೆಗೆ ಪೂರ್ತಿ ಹೋಗಬೇಕು. ಮಣಿಕಟ್ಟು ಹೊರಗೆ ಜೋತಾಡಿದರೆ ಅಳತೆ ಚಿಕ್ಕದು ಅಂತಲೇ ಅರ್ಥ. ಅಂಗೈ ಮೊಣಕೈಗಿಂತ ಚೂರು ಮೇಲಿದ್ದರೆ ಬೆರಳು ಊದುವುದಿಲ್ಲ. ಕಂಕುಳು ಬೆವರುತ್ತದೆ, ಅದೊಂದು ಕಿರಿಕಿರಿ.

ಇಮ್ಮೊಬಿಲೈಸರ್ ಅಂದರೆ ಸೊಂಟಕ್ಕೂ ಬೆಲ್ಟ್ ಸುತ್ತಿ ತೋಳನ್ನು ಮೈಗೆ ಅಂಟಿಸುವಂಥದ್ದು. ಕೀಲು ತಪ್ಪಿ ಕೂರಿಸಿದವರಿಗೆ ಸಾಮಾನ್ಯವಾಗಿ ಇಂಥದ್ದನ್ನು ಕೊಡುತ್ತಾರೆ. ನನ್ನ ಪೆಟ್ಟಿಗೆ ಹಗಲಲ್ಲಿ ಅದು ಅತಿಯಾಯಿತು. ವೆಲ್ಕ್ರೋ ಶರ್ಟಿಗೆ ಕಚ್ಚಿಕೊಂಡು ಒಂದೇ ಕೈಯಲ್ಲಿ ಬಿಚ್ಚಲು ಒದ್ದಾಟ. ರಾತ್ರಿ ಮಾತ್ರ ಅದಕ್ಕೆ ಸಾಟಿಯಿಲ್ಲ. ನಿದ್ದೆಯಲ್ಲಿ ಹೊರಳಿದರೂ ತೋಳು ಜಾರುತ್ತಿರಲಿಲ್ಲ. ದಿಂಬು ಒರಗಿಸಿ ಅರೆಕೂತಂತೆ ಮಲಗಿದರೆ ಇನ್ನೂ ಹಿತ.

ನನ್ನ ಲೆಕ್ಕದಲ್ಲಿ ಹಗಲಿಗೆ ಪೌಚ್, ರಾತ್ರಿಗೆ ಬೆಲ್ಟಿನದು. ಕೀಲು ತಪ್ಪಿದ್ದರೆ ಅಥವಾ ಎಲುಬು ಮುರಿದಿದ್ದರೆ ಈ ಆಯ್ಕೆ ನಿಮ್ಮದಲ್ಲ, ಡಾಕ್ಟರದ್ದು.

ಐಸ್ ಬೇಕೋ ಶಾಖ ಬೇಕೋ ಅಂದರೆ, ಮೊದಲೆರಡು ದಿನ ಐಸೇ. ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ, ಸುಮ್ನೆ ಚರ್ಮಕ್ಕೆ ನೇರ ಇಡಬೇಡಿ. ಯಾವ ಸ್ಲಿಂಗ್ ಆದರೂ ಬೆರಳು, ಮಣಿಕಟ್ಟು ಆಗಾಗ ಆಡಿಸುತ್ತಿರಿ. ಭುಜ ಯಾವಾಗ ಆಡಿಸಬೇಕು ಅಂತ ಡಾಕ್ಟರನ್ನೇ ಕೇಳಿ, ಅವರು ಹೇಳಿದ ಮೇಲೂ ಕಟ್ಟಿಕೊಂಡೇ ಇದ್ದರೆ ಭುಜ ಬಿಗಿಯುತ್ತದೆ. ಶರ್ಟ್ ಹಾಕುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಕೊನೆಗೆ.