ಸೈಲೆನ್ಸರ್ ತೂತಿಗೆ ಕಟ್ಟಿದ ಪಟ್ಟಿಗಳು

ಜೂನ್ ಎರಡನೆಯ ವಾರ, ಹದಿನಾಲ್ಕು ವರ್ಷ ಹಳೆಯ ನಮ್ಮ ಸಣ್ಣ ಪೆಟ್ರೋಲ್ ಕಾರು ಟ್ರ್ಯಾಕ್ಟರಿನಂತೆ ಗುಡುಗತೊಡಗಿತು. ಹೊಗೆ ಹೊರಹೋಗುವ ಸೈಲೆನ್ಸರ್ ಪೈಪು ತುಕ್ಕು ಹಿಡಿದು ತೂತಾಗಿತ್ತು. ಕುಮಟಾದ ಉಪ್ಪುಗಾಳಿಯನ್ನು ದೂರಿ ಸುಮ್ಮನಾಗಬಹುದಿತ್ತು, ಆದರೆ ತಪ್ಪು ನನ್ನದೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದಿನಕ್ಕೆ ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವನ ಕಾರಿನಲ್ಲಿ ಪೈಪು ಕಾಯುವುದೇ ಇಲ್ಲ. ಆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ.

ತೂತು ಎಲ್ಲಿದೆಯೆಂದು ಹುಡುಕಲು ಎರಡು ದಾರಿ ನೋಡಿದೆ. ಎಂಜಿನ್ ಚಾಲೂ ಇಟ್ಟು ಹಿಂದಿನ ಪೈಪಿಗೆ ಬಟ್ಟೆ ಒತ್ತಿ ಹಿಡಿದು, ಬುಸ್ಸೆನ್ನುವುದು ಎಲ್ಲಿ ಎಂದು ಕಿವಿಗೊಡುವುದು ಎಲ್ಲರೂ ಮಾಡುವ ಕ್ರಮ. ಸದ್ದು ಕೇಳಿಸಿತು, ಜಾಗ ತಿಳಿಯಲಿಲ್ಲ. ಮೇಲಾಗಿ ಕಾರಿನ ಕೆಳಗೆ ವಿಷಗಾಳಿ. ಎಂಜಿನ್ ಆರಿಸಿ, ಪೈಪು ತಣಿದ ಮೇಲೆ ವ್ಯಾಕ್ಯೂಮ್ ಕ್ಲೀನರಿನ ಊದುವ ಕೊಳವೆಯನ್ನು ಬಟ್ಟೆ ಸುತ್ತಿ ಹಿಂದಿನ ಪೈಪಿಗೆ ಸಿಕ್ಕಿಸಿ, ಸಾಬೂನು ನೀರು ಚಿಮುಕಿಸಿದೆ. ಸದ್ದಡಗಿಸುವ ಸೈಲೆನ್ಸರ್ ಡಬ್ಬಿಯ ಅಂಚಿನಲ್ಲಿ ಸೂಜಿಮೊನೆಯಷ್ಟು, ಅದರ ಮುಂದಿನ ಪೈಪಿನಲ್ಲಿ ಕಿರುಬೆರಳು ತೂರುವಷ್ಟು ತೂತು, ನೊರೆಯೇ ತೋರಿಸಿತು. ಡಬ್ಬಿಯ ತಳದಲ್ಲೂ ಒಂದು ಕಡೆ ನೊರೆ ಬಂದಿತು. ಅದು ನೀರಿಳಿಯಲೆಂದು ಬಿಟ್ಟ ರಂಧ್ರ, ಮುಚ್ಚಬಾರದು.

(ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಚಿರೆಕಲ್ಲಿನ ಮೇಲಂತೂ ಕಾರು ಕೂರಿಸಲೇಬೇಡಿ, ಭಾರಕ್ಕೆ ಸೀಳುತ್ತದೆ. ಸ್ಟ್ಯಾಂಡ್ ಬೇಕು.)

ನಲ್ಲಿಗೆ ಹಚ್ಚುವ ಎಪಾಕ್ಸಿ ಮನೆಯಲ್ಲಿತ್ತು, ಹಚ್ಚಿದೆ. ಮಾರನೆಯ ದಿನವೇ ಉದುರಿತು. ಅಷ್ಟು ಶಾಖ ತಾಳುವ ವಸ್ತುವಲ್ಲ ಅದು. ಸೈಲೆನ್ಸರಿಗೆಂದೇ ಸಿಗುವ ಪೇಸ್ಟ್ ಬೇರೆ ಜಾತಿ, ಕಾದಷ್ಟೂ ಗಟ್ಟಿಯಾಗುತ್ತದೆ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಹಚ್ಚಿ, ಎಂಜಿನ್ನನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸಿದೆ. ಸೂಜಿಮೊನೆಯ ತೂತು ಇಂದಿಗೂ ಮುಚ್ಚಿದೆ. ದೊಡ್ಡದರಲ್ಲಿ ಮೂರನೆಯ ದಿನ ಬಿರುಕು: ಪೈಪು ಅದುರುತ್ತದೆ, ಪೇಸ್ಟ್ ಬಾಗುವುದಿಲ್ಲ.

ಅದರ ಮೇಲೆ ಗಾಜಿನ ನಾರಿನ ಬ್ಯಾಂಡೇಜ್ ಸುತ್ತಿದೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಎರಡು ಸಲ ಹೋಗಿಬಂದರೂ ಅಲುಗಲಿಲ್ಲ. ಗೆದ್ದೆ ಎಂದುಕೊಂಡೆ. ಐದನೆಯ ವಾರ ಪಟ್ಟಿಯ ಅಂಚಿನಲ್ಲೇ ಕಪ್ಪು ಮಸಿ ಕಾಣಿಸಿತು. ಬಿಚ್ಚಲು ಅರ್ಧ ದಿನ ಉಳಿ, ಸುತ್ತಿಗೆ ಹಿಡಿದೆ. ಒಳಗೆ ತುಕ್ಕು ತನ್ನ ಪಾಡಿಗೆ ಬೆಳೆದಿತ್ತು.

ಆಮೇಲೆ ವೆಲ್ಡಿಂಗ್ ಅಂಗಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಯೇ ಶುರುಮಾಡಿದರು, ಕೆಲಸಗಾರರು ಒಳ್ಳೆಯವರೇ. ಆದರೆ ರಾಡು ಮುಟ್ಟಿದಲ್ಲೆಲ್ಲ ಸವೆದ ತಗಡು ಕರಗಿ, ಬೆರಳಿನ ತೂತು ಹೆಬ್ಬೆರಳಿನದಾಯಿತು. ಮೊದಲೇ ಸ್ಕ್ರೂಡ್ರೈವರಿನಿಂದ ಸುತ್ತ ಕುಟ್ಟಿ ನೋಡಬೇಕಿತ್ತು. ಟಣ್ ಎಂದರೆ ವೆಲ್ಡಿಂಗ್‌ಗೆ ಸಾಟಿಯಿಲ್ಲ. ಮೊನೆ ಒಳಗಿಳಿದರೆ ಹಣ ದಂಡ.

ಕೊನೆಗೆ ಒಗ್ಗಿದ್ದು ಗುಜರಿಯಿಂದ ತಂದ ಪೈಪಿನ ತುಂಡು. ನಮ್ಮ ಪೈಪಿಗಿಂತ ತುಸು ದಪ್ಪನೆಯದನ್ನು ಉದ್ದಕ್ಕೆ ಸೀಳಿ, ಒಳಗೆ ಪೇಸ್ಟ್ ಬಳಿದು, ತೂತಿನ ಮೇಲೆ ಅಂಗಿಯಂತೆ ತೊಡಿಸಿದೆ. ಎರಡು ಕಡೆ ಗಟ್ಟಿ ತಗಡು ಸಿಗುವವರೆಗೂ ಚಾಚಿ ಯು-ಕ್ಲ್ಯಾಂಪ್ ಬಿಗಿದೆ. ನೋಡಲು ಕುರೂಪ, ಖರ್ಚು ಬ್ಯಾಂಡೇಜಿಗಿಂತ ಕಡಿಮೆ. ಎಂಟು ತಿಂಗಳಾಯಿತು, ಒಮ್ಮೆ ನಟ್ಟು ಬಿಗಿದದ್ದು ಬಿಟ್ಟರೆ ಮುಟ್ಟಿಲ್ಲ.

ಇದೆಲ್ಲ ಡಬ್ಬಿಯ ಆಸುಪಾಸಿನ ಮಾತು. ತೂತು ಎಂಜಿನ್ ಹತ್ತಿರ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಎಂಜಿನ್ ಕಡೆಗೆ ಇದ್ದರೆ ಹೊರಗಾಳಿ ಒಳಸೇರಿ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಶಾಖವೂ ವಿಪರೀತ. ಆ ಕೆಲಸವನ್ನು ನಾನು ಮನೆಯಂಗಳದಲ್ಲಿ ಮಾಡುವುದಿಲ್ಲ.