ನಮ್ಮ ಬೀದಿಯ ಜನರಿಕ್ ಮೆಡಿಕಲ್ ಶಾಪ್: ಅಗ್ಗವೂ ಹೌದು, ಖಡಕ್ಕೂ ಹೌದು

ಅಮ್ಮನ ಬಿಪಿ ಮಾತ್ರೆಗಳನ್ನು ಈಗ ಇಲ್ಲೇ ತರುತ್ತೇನೆ. ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್ ಎರಡಕ್ಕೂ ಬ್ರ್ಯಾಂಡ್ ಮಾತ್ರೆಗಿಂತ ತುಂಬಾ ಕಡಿಮೆ ರೇಟು. ಒಳಗಿರುವ ಔಷಧಿ ಅದೇ ಅಲ್ವಾ!

ಆದರೆ ನನಗೆ ಹಿಡಿಸಿದ್ದು ಕೌಂಟರಿನ ಹುಡುಗಿ. ಚೀಟಿ ಇಲ್ಲದೆ ಕೊಡುವುದಿಲ್ಲ. ಅಮ್ಮ ಮಂಡಿನೋವಿಗೆ ಡೈಕ್ಲೋಫೆನಾಕ್ ಕೇಳಿದರು. "ಬಿಪಿ ಮಾತ್ರೆ ಜೊತೆ ಇದನ್ನ ಸುಮ್ನೆ ನುಂಗಬೇಡಿ ಅಮ್ಮಾ. ಬಿಪಿ ಏರಬಹುದು, ಕಿಡ್ನಿಗೂ ಪೆಟ್ಟು. ಡಾಕ್ಟರನ್ನ ಕೇಳಿ" ಎಂದಳು. ಅಮ್ಮನಿಗೆ ಸಿಟ್ಟು ಬಂತು, ಅದು ಬೇರೆ ಮಾತು.

ಪಾದ ಊದಿದ್ದನ್ನು ಗಮನಿಸಿದ್ದೂ ಅವಳೇ. ಆಮ್ಲೋಡಿಪಿನ್‌ನಿಂದ ಹಾಗಾಗುವುದುಂಟು, ಆದರೂ ನೀವಾಗಿಯೇ ನಿಲ್ಲಿಸಬೇಡಿ ಎಂದಳು. ಡಾಕ್ಟರು ಡೋಸ್ ಇಳಿಸಿದರು. ಊತ ಇಳಿಯಿತು, ಬಿಪಿ 130/80ರ ಆಸುಪಾಸಿನಲ್ಲಿದೆ.

ಒಂದೇ ತಕರಾರು, ಸ್ಟಾಕ್ ಆಗಾಗ ಖಾಲಿ. ಮಾತ್ರೆ ಮುಗಿಯುವ ಮುಂಚೆಯೇ ಹೋಗಿ. ಸಂಜೆ ರಶ್ ಜಾಸ್ತಿ.